ನೋಡಿದ್ದರೆ ನಿಲ್ಲುತ್ತಿದ್ದೆನೆ?



ಎರಡು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತಪರೀಕ್ಷೆಯ ವರದಿಯನ್ನು ಎರಡು ಸಲ ಓದಿ, "ಫಾದರ್, ಈಗ ಬೆವರು ಹರಿಸದಿದ್ದರೆ ನಾಳೆ ಮಾತ್ರೆ ನುಂಗಬೇಕಾಗುತ್ತದೆ" ಎಂದರು. ಧರ್ಮಕೇಂದ್ರದ ಮನೆಗಳಲ್ಲಿ ಕೊಟ್ಟ ಹೋಳಿಗೆ, ಕೇಕುಗಳನ್ನು ಬೇಡವೆನ್ನದೆ ತಿಂದ ಫಲ ಅದು. ಅಂದಿನಿಂದ ವಾರಕ್ಕೆ ನಾಲ್ಕು ದಿನ ಬೆಳಗಿನ ಬಲಿಪೂಜೆ ಮುಗಿದ ಕೂಡಲೇ ನಿಲುವಂಗಿ ಕಳಚಿಟ್ಟು, ಕ್ಯಾನ್ವಾಸ್ ಷೂ ಕಟ್ಟಿಕೊಂಡು ಓಡಲು ಹೊರಡುತ್ತೇನೆ. ನಲವತ್ತು ದಾಟಿದ ದೇಹ ಮೊದಮೊದಲು ಬಹಳ ಗೊಣಗಿತು. ಈಗ ಓಡದ ದಿನ ಗೊಣಗುತ್ತದೆ.

ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಆದರೂ ಓಡುವವರಿಗೆ ಮರದ ನೆರಳಿಗೂ ನೀರಿನ ದಂಡೆಗೂ ಇನ್ನೂ ಕೊರತೆಯಿಲ್ಲ. ದಕ್ಷಿಣದಲ್ಲಿ ಲಾಲ್‌ಬಾಗ್ ಇದೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟವಿದು. ಇಂದು ಸುಮಾರು 240 ಎಕರೆ. 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆಯನ್ನು ಸುತ್ತಿ, ಕೆರೆಯ ದಂಡೆ ಹಿಡಿದು, ಕೆಂಪೇಗೌಡರ ಗೋಪುರವಿರುವ ಬಂಡೆಯ ಬುಡಕ್ಕೆ ಬಂದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಅದರ ಮುಂದೆ ನಮ್ಮ ಅರ್ಧ ಗಂಟೆಯ ಓಟ ಎಷ್ಟರದು! ಉತ್ತರದಲ್ಲಿ ಮಲ್ಲೇಶ್ವರ, ಸದಾಶಿವನಗರಗಳ ನಡುವೆ ಸ್ಯಾಂಕಿ ಕೆರೆ. 1882ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದನ್ನು ಕಟ್ಟಿಸಿದ್ದು ಓಡುವವರಿಗಾಗಿ ಅಲ್ಲ, ದಂಡುಪ್ರದೇಶದ ಜನರಿಗೆ ನೀರು ಕೊಡಲಿಕ್ಕಾಗಿ. ಪೂರ್ವದಲ್ಲಿ ಹಲಸೂರು ಕೆರೆ; ನಡುವೆ ಪುಟ್ಟ ದ್ವೀಪಗಳು, ದಂಡೆಯಲ್ಲಿ ಬಿಳಿಯ ಗುರುದ್ವಾರ, ಮುಂಜಾನೆಯ ಮಂಜಿನಲ್ಲಿ ನೀರಿಗೂ ಆಕಾಶಕ್ಕೂ ಗೆರೆಯೇ ಇಲ್ಲದಂತೆ ಕಾಣುವ ಒಂದು ಹೊತ್ತು.

ನನ್ನ ಮಾಮೂಲಿ ದಾರಿ ಕಬ್ಬನ್ ಪಾರ್ಕು. ಅದೇ ಸ್ಯಾಂಕಿಯವರು 1870ರಲ್ಲಿ ರೂಪಿಸಿದ ಉದ್ಯಾನ. ವಿಕ್ಟೋರಿಯಾ ರಾಣಿಯ ಪ್ರತಿಮೆಯ ಬಳಿ ಹೊರಟು, ಬಿದಿರುಮೆಳೆ ದಾಟಿ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡವನ್ನು ಬಳಸಿ, ಬ್ಯಾಂಡ್‌ಸ್ಟ್ಯಾಂಡಿನ ಪಕ್ಕದಲ್ಲಿ ಹಾದು ಮತ್ತೆ ಹೊರಟಲ್ಲಿಗೆ ಬರುತ್ತೇನೆ. ಒಂದೊಂದು ಋತುವಿನಲ್ಲಿ ಒಂದೊಂದು ಮರ ಹೂ ಬಿಡುವಂತೆ ಹಿಂದಿನವರು ಈ ಊರಿನಲ್ಲಿ ಮರ ನೆಟ್ಟಿದ್ದಾರೆ. ಚಳಿಗಾಲದ ಆರಂಭದಲ್ಲಿ ದೂರದ ಅಮೆರಿಕ ಖಂಡದಿಂದ ಬಂದ ಟಬೆಬುಯ ಮರಗಳು ಗುಲಾಬಿ ಬಣ್ಣದ ಹೂಗಳನ್ನು ದಾರಿಯ ತುಂಬ ಚೆಲ್ಲುತ್ತವೆ.

ಅಂಥ ಒಂದು ಬುಧವಾರ ನಡೆದ ಸಂಗತಿಯನ್ನು ನಿಮಗೆ ಹೇಳಬೇಕು.

ಹಿಂದಿನ ರಾತ್ರಿ ಜಿನುಗು ಮಳೆ ಬಂದಿತ್ತು. ಒದ್ದೆ ರಸ್ತೆಯ ಮೇಲೆ ಹೂವಿನ ಹಾಸು. ಎಂಟೂವರೆಗೆ ಶಾಲೆಯಲ್ಲಿ ಸಭೆಯಿತ್ತು. ಐದು ಕಿಲೋಮೀಟರನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕೆಂಬ ಹಟವೂ ಆ ತಿಂಗಳು ನನ್ನನ್ನು ಹಿಡಿದಿತ್ತು. ಕೈಗಡಿಯಾರ ನೋಡುತ್ತ, ಕಿವಿಯಲ್ಲಿ ಭಕ್ತಿಗೀತೆ ಕೇಳುತ್ತ ಓಡಿದೆ. ಅರ್ಧ ಗಂಟೆಗೆ ಇಪ್ಪತ್ತು ಸೆಕೆಂಡು ಮೊದಲೇ ಮುಗಿಸಿದೆ. ಮನೆಗೆ ಬಂದು ಸಹಾಯಕ ಗುರುಗಳ ಮುಂದೆ ಕಾಫಿ ಕುಡಿಯುತ್ತ ಆ ಹೂವಿನ ಹಾಸನ್ನು ವರ್ಣಿಸಿದ್ದೇ ವರ್ಣಿಸಿದ್ದು. ದೇವರ ಸೃಷ್ಟಿ ಎಷ್ಟು ಸುಂದರ ಎಂದೂ ಹೇಳಿದೆ.

ಮರುವಾರ ಭಾನುವಾರ ಎರಡನೆಯ ಪೂಜೆಯ ನಂತರ ಒಬ್ಬ ಅಮ್ಮ ಕುಂಟುತ್ತ ಬಂದರು. ಪಾರ್ಕಿನಲ್ಲಿ ಕಸ ಗುಡಿಸುವ ಕೆಲಸದವರು. ಹಿಂದಿನ ಬೆಂಚಿನಲ್ಲಿ ಕೂರುವವರು, ಯಾವ ಸಂಘದಲ್ಲೂ ಇಲ್ಲದವರು.

"ಸ್ವಾಮಿ, ಹೋದ ಬುಧವಾರ ಪಾರ್ಕಲ್ಲಿ ನಿಮ್ಮನ್ನ ಕೂಗ್ದೆ. ಕೇಳಿಸ್ಲಿಲ್ಲ ಅನ್ಸುತ್ತೆ."

"ಎಲ್ಲಿ ಅಮ್ಮ?"

"ಲೈಬ್ರರಿ ಪಕ್ಕದಲ್ಲಿ. ಹೂವಿನ ಮೇಲೆ ಕಾಲು ಜಾರಿ ಬಿದ್ದಿದ್ದೆ. ಏಳಕ್ಕೆ ಆಗ್ಲಿಲ್ಲ. ನೀವು ಎರಡು ಸಲ ಆ ಕಡೆ ಓಡಿದ್ರಿ. ಆಮೇಲೆ ಜೊತೆ ಕೆಲಸದವಳು ಬಂದು ಆಟೋಲಿ ಕರ್ಕೊಂಡು ಹೋದ್ಲು."

ಏನು ಹೇಳಬೇಕೆಂದು ತೋಚಲಿಲ್ಲ. "ನಾನು ನೋಡಲಿಲ್ಲ ಅಮ್ಮ" ಎಂದೆ.

"ಗೊತ್ತು ಸ್ವಾಮಿ. ನೋಡಿದ್ರೆ ನೀವು ನಿಲ್ತಿದ್ರಿ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನನ್ನನ್ನು ಪೂರ್ತಿ ನಂಬಿ ಹೇಳಿದ ಮಾತು ಅದು. ಆದ್ದರಿಂದಲೇ ಅದು ಇಂದಿಗೂ ಮುಳ್ಳಿನಂತೆ ಉಳಿದಿದೆ. ಅಲ್ಲಿ ಬಿದ್ದಿದ್ದ ಪ್ರತಿಯೊಂದು ಹೂವೂ ನನ್ನ ನೆನಪಿನಲ್ಲಿತ್ತು. ಆ ಹೂಗಳ ನಡುವೆ ಕುಳಿತಿದ್ದ ಮನುಷ್ಯರು ಮಾತ್ರ ಇರಲಿಲ್ಲ.

ಪ್ರಿಯರೇ, ಇಲ್ಲಿ ಎರಡು ಪ್ರಶ್ನೆಗಳಿವೆ. ಕಾಣದೆ ಹೋದದ್ದು ತಪ್ಪೇ? ಕಂಡಿದ್ದರೆ ನಾನು ನಿಜವಾಗಿಯೂ ನಿಲ್ಲುತ್ತಿದ್ದೆನೆ?

ಮೊದಲನೆಯದಕ್ಕೆ ನಮ್ಮ ಮನಸ್ಸು ತಟ್ಟನೆ ಉತ್ತರ ಕೊಡುತ್ತದೆ: ತಿಳಿಯದೆ ಮಾಡಿದ್ದು ತಪ್ಪಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ನಾನೂ ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದೆ. ಆದರೆ ಸಂತ ತೋಮಾಸ್ ಅಕ್ವಿನಾಸರು ಅಷ್ಟಕ್ಕೇ ಬಿಡುವುದಿಲ್ಲ. ಅಜ್ಞಾನದಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ಎಷ್ಟು ಪ್ರಯತ್ನಿಸಿದರೂ ನೀಗಲಾಗದ ಅಜ್ಞಾನ ಒಂದು. ಅದಕ್ಕೆ ನಾವು ಹೊಣೆಯಲ್ಲ. ತಿಳಿಯಬಹುದಾಗಿದ್ದು, ತಿಳಿಯಬೇಕಾಗಿದ್ದೂ ಗಮನ ಕೊಡದೆ ಉಳಿಸಿಕೊಂಡ ಅಜ್ಞಾನ ಇನ್ನೊಂದು. ಅದರಲ್ಲಿ ನಮ್ಮ ಇಚ್ಛೆಯ ಪಾಲಿದೆ, ಆದ್ದರಿಂದ ಹೊಣೆಯೂ ಇದೆ. ಕತ್ತಲೆಯಲ್ಲಿ ಆ ಅಮ್ಮ ನನಗೆ ಕಾಣದಿದ್ದರೆ ಅದು ಮೊದಲನೆಯದು. ಹಗಲ ಬೆಳಕಿನಲ್ಲಿ, ಹತ್ತು ಅಡಿ ದೂರದಲ್ಲಿ, ಎರಡು ಸಲ ಕಾಣಲಿಲ್ಲ. ಕಿವಿ ಮುಚ್ಚಿಕೊಂಡವನೂ ಕಣ್ಣನ್ನು ಗಡಿಯಾರಕ್ಕೆ ಒಪ್ಪಿಸಿದವನೂ ನಾನೇ. ಕೂಗು ಕೇಳದಂತೆ ಮಾಡಿಕೊಂಡು, ಆಮೇಲೆ ಕೂಗು ಕೇಳಲಿಲ್ಲ ಎಂದರೆ ಅದು ನೆವವಾಗುತ್ತದೆಯೇ ಹೊರತು ನಿರ್ದೋಷವಾಗುವುದಿಲ್ಲ. ಬಲಿಪೂಜೆಯ ಆರಂಭದಲ್ಲಿ ಮಾಡಿದ ತಪ್ಪಿಗಷ್ಟೇ ಅಲ್ಲ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಕೇಳುತ್ತೇವಲ್ಲ, ಅದರ ಅರ್ಥ ನನಗೆ ಆ ಭಾನುವಾರ ಹೊಸದಾಗಿ ತಿಳಿಯಿತು.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಕಂಡ ಮಾತ್ರಕ್ಕೆ ನಿಲ್ಲುತ್ತೇವೆಯೇ? ಜೆರುಸಲೇಮಿನಿಂದ ಜೆರಿಕೊಗೆ ಹೋಗುವ ದಾರಿಯ ಕಥೆಯನ್ನು ನಾವೆಲ್ಲ ಬಲ್ಲೆವು. ಸಂತ ಲೂಕರ ಶುಭಸಂದೇಶವನ್ನು ನಿಧಾನವಾಗಿ ಓದಿದರೆ ಒಂದು ಸೂಕ್ಷ್ಮ ಗೊತ್ತಾಗುತ್ತದೆ. ಯಾಜಕನೂ ಲೇವಿಯನೂ ಗಾಯಗೊಂಡವನನ್ನು ಕಂಡಿದ್ದರು. ಕಂಡೇ ಆಚೆ ಬದಿಯಿಂದ ಹೋದರು.

1973ರಲ್ಲಿ ಜಾನ್ ಡಾರ್ಲಿ ಮತ್ತು ಡ್ಯಾನಿಯೆಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದೇ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಮೆರಿಕದ ಪ್ರಿನ್ಸ್‌ಟನ್‌ನ ದೈವಶಾಸ್ತ್ರ ಗುರುಮಠದ 40 ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯ ಸಮಾರಿಯದವನ ಸಾಮತಿಯೇ. ಕೆಲವರಿಗೆ "ಬೇಕಾದಷ್ಟು ಸಮಯವಿದೆ" ಎಂದೂ, ಕೆಲವರಿಗೆ "ಈಗಲೇ ಹೊರಡಿ" ಎಂದೂ, ಮತ್ತೆ ಕೆಲವರಿಗೆ "ಆಗಲೇ ತಡವಾಗಿದೆ" ಎಂದೂ ಹೇಳಿ ಕಳುಹಿಸಿದರು. ದಾರಿಯ ಬಾಗಿಲೊಂದರ ಬಳಿ ಒಬ್ಬ ಮನುಷ್ಯ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದವರು ಅಧ್ಯಯನದವರೇ. ಸಮಯವಿದ್ದವರಲ್ಲಿ ಶೇಕಡ 63 ಮಂದಿ ಯಾವುದಾದರೊಂದು ರೀತಿಯಲ್ಲಿ ನೆರವಾದರು. ನಡುವಿನವರಲ್ಲಿ ಶೇಕಡ 45. ತಡವಾಗಿದೆಯೆಂದು ಧಾವಿಸುತ್ತಿದ್ದವರಲ್ಲಿ ಶೇಕಡ 10 ಮಾತ್ರ. ಸಮಾರಿಯದವನ ಬಗ್ಗೆ ಮಾತನಾಡಲು ಹೊರಟಿದ್ದರೋ ಬೇರೆ ವಿಷಯದ ಬಗ್ಗೆಯೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ.

ಇದನ್ನು ಮೊದಲು ಓದಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಅವಸರ ಒಳ್ಳೆಯವರ ಕಣ್ಣಿಗೂ ಪಟ್ಟಿ ಕಟ್ಟುತ್ತದೆ. ಹಾಗಾದರೆ "ನೋಡಿದ್ದರೆ ನಿಲ್ಲುತ್ತಿದ್ದೆ" ಎಂದು ನಾನು ಎದೆ ತಟ್ಟಿ ಹೇಳುವಂತಿಲ್ಲ. ಎಂಟೂವರೆಯ ಸಭೆ, ಉಳಿದಿದ್ದ ಎರಡು ನಿಮಿಷ, ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆಂಬ ಲೆಕ್ಕ, ಇವೆಲ್ಲ ನನ್ನ ಕಾಲುಗಳನ್ನು ಮುಂದಕ್ಕೆ ತಳ್ಳುತ್ತಿದ್ದವೋ ಏನೋ.

ಅವಸರದ ಜೊತೆಗೆ ಇನ್ನೊಂದು ಕುರುಡೂ ಇದೆ. ಸುಂದರವಾದ ದಾರಿಯನ್ನು ಆರಿಸಿಕೊಳ್ಳುವಾಗ ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬುದನ್ನೂ ನಾವು ಆರಿಸಿಕೊಂಡಿರುತ್ತೇವೆ. ಕೆರೆ ಕಾಣಬೇಕು, ಮರ ಕಾಣಬೇಕು. ಪೊರಕೆ, ಕಸದ ಗಾಡಿ, ಹರಿದ ಚಪ್ಪಲಿ ಆ ಚಿತ್ರದಲ್ಲಿ ಬರುವುದಿಲ್ಲ. ಆದರೆ ದಾರಿ ಚೆನ್ನಾಗಿರುವುದೇ ಆ ಪೊರಕೆಯಿಂದ. ನನಗೆ ಹಾಸಾಗಿ ಕಂಡ ಹೂವು ಆ ಅಮ್ಮನಿಗೆ ಆ ದಿನದ ಕೆಲಸ, ಕೊನೆಗೆ ಕಾಲುಳುಕು.

ಒಂದು ಊರೂ ಹೀಗೆ ನೋಡದೆ ಓಡಬಹುದು. ಕಬ್ಬನ್ ಪಾರ್ಕಿನ ಪಕ್ಕದಲ್ಲೇ ಕಂಠೀರವ ಕ್ರೀಡಾಂಗಣವಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನಾಡಿನ ಓಟಗಾರರು ಓಡಿದ್ದು ಅಲ್ಲೇ. ಆ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆಯಾಗಿತ್ತು. ಅದರ ನೀರು ನಂಬಿ ತರಕಾರಿ, ಹೂ ಬೆಳೆಯುತ್ತಿದ್ದ ತೋಟಗಾರರಿದ್ದರು. ಕೆರೆ ಹೋಯಿತು, ಕರಗದ ವಿಧಿಗಾಗಿ ಒಂದು ಪುಟ್ಟ ಕೊಳ ಉಳಿಯಿತು. ಆಟದ ಮೈದಾನ ಬೇಡವಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ಓಟದ ಕೆಳಗೆ ಯಾರ ಬದುಕಿತ್ತು ಎಂದು ಕೇಳದೆ ಓಡುವುದು ಒಬ್ಬನ ಅಭ್ಯಾಸ ಮಾತ್ರವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

"ಹಾಗಾದರೆ ಓಡುವುದನ್ನೇ ಬಿಡಬೇಕೇ ಫಾದರ್?" ಎಂದು ನೀವು ಕೇಳಬಹುದು. ಬೇಡ. ದೇಹವನ್ನು ಕಾಪಾಡಿಕೊಳ್ಳುವುದೂ ಕರ್ತವ್ಯವೇ. ಕಾಯಿಲೆ ಬಿದ್ದ ತಂದೆತಾಯಿಯ ಭಾರ ಮಕ್ಕಳ ಮೇಲೆ ಬೀಳುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟಗಾರನ ಸಂಯಮವನ್ನು ಉದಾಹರಿಸಿದರು. ಆ ಊರಿನ ಹತ್ತಿರದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯದ ಕ್ರೀಡೆಗಳು ನಡೆಯುತ್ತಿದ್ದವು. ಓದುವವರಿಗೆ ಮಾತು ಚೆನ್ನಾಗಿ ತಿಳಿದಿರಬೇಕು. ಎಲ್ಲರಿಗಾಗಿಯೂ ನಿಲ್ಲುತ್ತ ಹೋದರೆ ಯಾರೂ ಎಲ್ಲಿಗೂ ತಲುಪುವುದಿಲ್ಲ ಎಂಬುದೂ ನಿಜ. ನಿಲ್ಲಬೇಕಾದಾಗ ನಿಲ್ಲಲು ಬರುವಂತೆ ಓಡುವುದನ್ನು ಕಲಿಯಬೇಕು. ಸದ್ಗುಣವೆಂಬುದು ಅಭ್ಯಾಸದಿಂದ ಬರುತ್ತದೆ ಎಂದ ಅರಿಸ್ಟಾಟಲ್. ಐದು ಕಿಲೋಮೀಟರು ಓಡಲು ಕಾಲಿಗೆ ಅಭ್ಯಾಸ ಬೇಕಾದಂತೆ, ಕಾಣಲು ಕಣ್ಣಿಗೂ ಅಭ್ಯಾಸ ಬೇಕು. ತುರ್ತಿನ ಗಳಿಗೆಯಲ್ಲಿ ಅದು ಇದ್ದಕ್ಕಿದ್ದಂತೆ ಬರುವುದಿಲ್ಲ.

ಈಗ ನಾನು ಮೂರು ಚಿಕ್ಕ ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಮೊದಲ ಸುತ್ತನ್ನು ನಡೆದೇ ಮುಗಿಸುತ್ತೇನೆ. ಕಿವಿಯಲ್ಲಿ ಏನನ್ನೂ ತುರುಕಿಕೊಳ್ಳುವುದಿಲ್ಲ. ದಾರಿಯಲ್ಲಿ ಕೆಲಸ ಮಾಡುವವರ ಹೆಸರು ಕೇಳಿ ನೆನಪಿಟ್ಟುಕೊಳ್ಳುತ್ತೇನೆ. ಹೆಸರು ಗೊತ್ತಿರುವವರು ಮರದ ಹಾಗೆ, ಬೆಂಚಿನ ಹಾಗೆ ಹಿಂದಕ್ಕೆ ಸರಿದುಹೋಗುವುದಿಲ್ಲ. ಐದು ಕಿಲೋಮೀಟರಿಗೆ ಈಗ ನಲವತ್ತು ನಿಮಿಷ ಬೇಕು. ಸಕ್ಕರೆಯ ಮಟ್ಟಕ್ಕೆ ಅದರಿಂದ ತೊಂದರೆಯಾಗಿಲ್ಲವೆಂದು ವೈದ್ಯರು ಹೇಳಿದ್ದಾರೆ.

ನಿಮ್ಮಲ್ಲಿ ಹಲವರು ಪಾರ್ಕಿನಲ್ಲಿ ಓಡದಿರಬಹುದು. ಮನೆಯೊಳಗೆ ಓಡುವವರೇ ಹೆಚ್ಚು. ಶಾಲೆಯ ಬಸ್ಸು, ಕಚೇರಿಯ ಸಮಯ, ಸಂಜೆಯ ಟ್ಯೂಷನ್ ಎಂದು ಓಡುವಾಗ ಅದೇ ಮನೆಯಲ್ಲಿ ಮೂಲೆಯಲ್ಲಿ ಕುಳಿತ ಅಜ್ಜ ಎರಡು ಸಲ ಕೂಗಿರಬಹುದು. ಒಮ್ಮೆ ಯೋಚಿಸಿ.

ಆ ಅಮ್ಮ ಕೆಲವು ವಾರಗಳ ನಂತರ ಕೆಲಸಕ್ಕೆ ಮರಳಿದರು. ಗ್ರಂಥಾಲಯದ ಪಕ್ಕದಲ್ಲಿ ಅವರನ್ನು ಕಂಡು ನಿಂತೆ. ಕಾಲು ಹೇಗಿದೆ ಎಂದು ಕೇಳಿದೆ, ಅಂದಿನ ತಪ್ಪಿಗೆ ಕ್ಷಮೆಯನ್ನೂ ಕೇಳಿದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅವರು ಪೊರಕೆ ಹಿಡಿದು ಸ್ವಲ್ಪ ಹೊತ್ತು ಕಾದು, ನಗುತ್ತ ಹೇಳಿದರು: "ಆಯ್ತು ಸ್ವಾಮಿ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನೀವು ನಿಂತಿರೋ ಜಾಗ ಗುಡಿಸ್ಬೇಕು."

ನಾನು ಪಕ್ಕಕ್ಕೆ ಸರಿದು ನಿಂತೆ.