ಏನೂ ಆಗಲಿಲ್ಲವಲ್ಲ!



ನಮ್ಮೂರಿನಲ್ಲಿ ನಾವು ಕಂಡ ಮೊದಲ ‘ವಾಲ್ವ್’ ಎಂದರೆ ಕೆರೆಯ ತೂಬು. ಅದನ್ನು ಎತ್ತುವುದೂ ಇಳಿಸುವುದೂ ನೀರುಗಂಟಿಯ ಕೆಲಸ. ಊರ ಗೌಡರೇ ಆದರೂ ಅವನನ್ನು ಕೇಳದೆ ತೂಬಿಗೆ ಕೈ ಹಾಕುವಂತಿರಲಿಲ್ಲ. ಕೆಳಗಿನ ಗದ್ದೆಯಲ್ಲಿ ಯಾರು ಬಗ್ಗಿ ನಾಟಿ ಹಾಕುತ್ತಿದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು.

ಈ ಮರಳುನಾಡಿಗೆ ಬಂದ ಮೇಲೆ ನಮ್ಮಲ್ಲಿ ಅನೇಕರಿಗೆ ಆ ನೀರುಗಂಟಿಯ ಕೆಲಸವೇ ಗಂಟುಬಿದ್ದಿದೆ. ತೂಬಿನ ಬದಲು ವಾಲ್ವ್, ನೀರಿನ ಬದಲು ತೈಲ ಮತ್ತು ಅನಿಲ. ಈ ಕೆಲಸ ಮನೆಯವರಿಗೆ ತಿಳಿದಿರುವುದು ಕಡಿಮೆ. ಹೊಸ ವಾಲ್ವನ್ನು ನೆಲಕ್ಕೆ ತಾಗದಂತೆ, ನೆರಳಿನಲ್ಲಿ ಇಡಬೇಕು. ಎರಡು ಬಾಯಿಗಳ ಮುಚ್ಚಳವನ್ನು ಜೋಡಿಸುವ ದಿನದವರೆಗೂ ತೆಗೆಯಬಾರದು. ಒಳಗೆ ಮರಳು ಹೊಕ್ಕು ನಯವಾದ ಮುಖ ಗೀಚಿದರೆ, ಮುಚ್ಚಿದ ವಾಲ್ವೂ ಸೋರುತ್ತದೆ. ದುರಸ್ತಿಗೆ ಬಿಚ್ಚುವ ಮೊದಲು ಎರಡೂ ಕಡೆ ಬಂದ್ ಮಾಡಿ, ಒತ್ತಡ ಇಳಿಸಿ, ಒಳಗಿದ್ದುದನ್ನು ಬಸಿಯಬೇಕು. ಕೆಲಸ ಮಾಡುವವನು ತನ್ನದೇ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಇಷ್ಟಾದರೂ ಹೊಟ್ಟೆಯೊಳಗೆ ಒತ್ತಡ ಉಳಿದಿರಬಹುದೆಂದು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಇದೆಲ್ಲ ಗೊತ್ತಿದ್ದೂ ತಪ್ಪಿದ್ದನ್ನು ಹೇಳಲು ಕುಳಿತಿದ್ದೇವೆ. ಹಲವು ವರ್ಷಗಳ ಹಿಂದೆ ನಾವಿಬ್ಬರು ಒಂದೇ ಗೋದಾಮಿನಲ್ಲಿದ್ದೆವು. ಅದೊಂದು ಗುರುವಾರ ಸಂಜೆ. ರಾಜ್ಯೋತ್ಸವದ ನಾಟಕದ ತಾಲೀಮಿಗೆ ಹೊರಡಲು ಮಕ್ಕಳು ಮನೆಯಲ್ಲಿ ಕಾಯುತ್ತಿದ್ದರು. ಎಂಟು ವಾಲ್ವುಗಳನ್ನು ಪರಿಶೀಲಿಸಿ ಸಹಿ ಹಾಕಬೇಕಿತ್ತು. ಕೊನೆಯ ಎರಡನ್ನು ಅವರು ನೋಡಿರುತ್ತಾರೆಂದು ಇವರು, ಇವರು ನೋಡಿರುತ್ತಾರೆಂದು ಅವರು. ಇಬ್ಬರೂ ಸಹಿ ಹಾಕಿದೆವು. ಶನಿವಾರ ಹೋಗಿ ನೋಡಿದರೆ ಒಂದರ ಮುಚ್ಚಳ ಬಿದ್ದುಹೋಗಿ ಒಳಗೆಲ್ಲ ಮರಳು. ಪುಣ್ಯಕ್ಕೆ ಅದನ್ನು ಯಾರೂ ಒಯ್ದಿರಲಿಲ್ಲ. ಗುಟ್ಟಾಗಿ ಬದಿಗಿಟ್ಟು ಒರೆಸಿ, ಗೀರು ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡೆವು. ಮೇಲಿನವರಿಗೆ ಹೇಳಲಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ಊರಿನ ಸಾಲ ಹಾಗೇ ಉಳಿಯುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಸಮಾಧಾನ ಹೇಳಿಕೊಂಡೆವು.

ಏನೂ ಆಗದಿದ್ದರೆ ತಪ್ಪು ತಪ್ಪಲ್ಲವೇ?

೧೯೮೮ರ ಜುಲೈ ೬ರಂದು ಸ್ಕಾಟ್ಲೆಂಡಿನ ಆಚೆ, ಉತ್ತರ ಸಮುದ್ರದ ‘ಪೈಪರ್ ಆಲ್ಫಾ’ ತೈಲವೇದಿಕೆಯಲ್ಲಿ ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವನ್ನು ಕಳಚಿ, ಆ ಬಾಯಿಗೆ ತಟ್ಟೆಯೊಂದನ್ನು ಜೋಡಿಸಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ವಾಲ್ವ್ ಅಲ್ಲಿಲ್ಲವೆಂಬ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಲು ಹೋದರು. ಆ ತಟ್ಟೆಯ ಬಳಿ ಅನಿಲ ಸೋರಿ ಸ್ಫೋಟವಾಯಿತೆಂದು ಲಾರ್ಡ್ ಕಲನ್ ಅವರ ೧೯೯೦ರ ತನಿಖಾ ವರದಿ ಹೇಳಿತು. ಸತ್ತವರು ೧೬೭ ಮಂದಿ.

ಅಲ್ಲಿಯೂ ಕೇಡು ಬಗೆದವರು ಯಾರೂ ಇರಲಿಲ್ಲ. ಒಬ್ಬರಿಗೆ ಗೊತ್ತಿದ್ದುದು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ, ಅಷ್ಟೆ. ನಮ್ಮ ಗುರುವಾರಕ್ಕೂ ಆ ಬುಧವಾರಕ್ಕೂ ನಡುವೆ ನಿಂತದ್ದು ನಮ್ಮ ಒಳ್ಳೆಯತನವಲ್ಲ, ಬರಿಯ ಅದೃಷ್ಟ. ಕಾನೂನು ಆದ ಹಾನಿಯನ್ನೂ ತೂಗಿ ನೋಡುತ್ತದೆ, ನೋಡಲಿ. ಆದರೆ ಸಹಿ ಹಾಕುವ ಗಳಿಗೆಯಲ್ಲಿ ಮುಂದೇನಾದೀತೆಂದು ನಮಗೂ ತಿಳಿದಿರಲಿಲ್ಲ. ಆ ಗಳಿಗೆಯ ಲೆಕ್ಕವನ್ನು ಆಮೇಲಿನ ಅದೃಷ್ಟದಿಂದ ತೀರಿಸಲು ಬರುವುದಿಲ್ಲ.

ಹಾಗಾದರೆ ಕೈ ತಪ್ಪದವರು ಯಾರು, ಪ್ರತಿಯೊಂದಕ್ಕೂ ಕೊರಗುತ್ತ ಕೂತರೆ ಬಾಳುವುದು ಹೇಗೆ ಎಂದು ನೀವು ಕೇಳಬಹುದು. ಕೊರಗಿನಿಂದ ಯಾರಿಗೂ ಉಪಯೋಗವಿಲ್ಲ. ಹೇಳಿಕೊಳ್ಳುವುದರಿಂದ ಇದೆ. ಅಂದು ಹೇಳಿದ್ದರೆ ಮುಚ್ಚಳ ಏಕೆ ಬಿತ್ತೆಂದು ಯಾರಾದರೂ ಹುಡುಕುತ್ತಿದ್ದರು, ಉಳಿದ ಕಪಾಟುಗಳನ್ನೂ ನೋಡುತ್ತಿದ್ದರು. ಮುಚ್ಚಿಟ್ಟು ನಾವು ಕಾಪಾಡಿದ್ದು ನಮ್ಮ ಹೆಸರನ್ನು ಮಾತ್ರ. ಆ ವಾಲ್ವನ್ನು ನಂಬಿ ಮುಂದೆಂದೋ ಕೆಲಸಕ್ಕೆ ಇಳಿಯುವವನು, ನಾವು ಎಂದೂ ಮುಖ ನೋಡದ ಒಬ್ಬ ಅಣ್ಣನೋ ತಮ್ಮನೋ, ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ನೀರುಗಂಟಿ ಅವನನ್ನು ಮರೆಯುತ್ತಿರಲಿಲ್ಲ. ತಡವಾಗಿಯಾದರೂ ನಾವು ಇದನ್ನು ನಿಮ್ಮ ಮುಂದೆ ಹೇಳಿದ್ದೇವೆ. ಕೈ ತಪ್ಪಿದೆನೆಂದು ನಿಮ್ಮ ಬಳಿ ಬರುವ ಕಿರಿಯರನ್ನು ಗದರಿಸುವ ಮೊದಲು, ದಯವಿಟ್ಟು ಒಂದು ಲೋಟ ಕಾಫಿ ಕೊಟ್ಟು ಅವರ ಮಾತು ಪೂರ್ತಿ ಕೇಳಿ.