ಕಣ್ಣು ಒಪ್ಪಿದರೆ ಸಾಕೆ?

ರೇಖಾಗಣಿತವನ್ನು ಕರಿಹಲಗೆಯಿಂದ ಬಿಡಿಸಿ ಗುಡಿ, ಗುಮ್ಮಟ, ರಂಗೋಲಿಗಳ ಹತ್ತಿರ ಕರೆದೊಯ್ಯಬೇಕೆಂದು ಶಿಕ್ಷಕರ ತರಬೇತಿಗಳಲ್ಲಿ ಹೇಳುತ್ತಾರೆ. ಒಳ್ಳೆಯ ಮಾತೇ. ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇರುವಾಗ ಹಾಗೆ ಮಾಡದೆ ಇರುವುದೇ ಕಷ್ಟ. 12ನೆಯ ಶತಮಾನದ ಆ ಗುಡಿಯ ಗೋಡೆ ನಕ್ಷತ್ರದ ಆಕಾರದಲ್ಲಿ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿದೆ. ಒಂದೇ ಅಳತೆಯ ಆರು ರಟ್ಟಿನ ಚೌಕಗಳನ್ನು ಕತ್ತರಿಸಿ, ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಒಂದಕ್ಕಿಂತ ಒಂದನ್ನು 15 ಡಿಗ್ರಿಯಷ್ಟು ತಿರುಗಿಸುತ್ತ ಹೋದರೆ 24 ಮೂಲೆಗಳ ನಕ್ಷತ್ರ ಅರಳುತ್ತದೆ. ಆ ಗೋಡೆಯ ಲೆಕ್ಕ ಅದೇ.

ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದೊಯ್ದಾಗ ಮತ್ತೆ ಅದೇ ಚೌಕ ಸಿಗುತ್ತದೆ. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಹೊರ ವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟ. ಕೆಳಗೆ ಚೌಕದ ಹಜಾರ. ನಡುವೆ ಒಂದು ಕಂಬವಿಲ್ಲ. ಚೌಕದ ಮೇಲೆ ದುಂಡು ಕೂತದ್ದು ಹೇಗೆ? ಒಂದರೊಳಗೊಂದು ಹೆಣೆದ ಎರಡು ಚೌಕಗಳಂತೆ ಎಂಟು ಕಮಾನುಗಳು ಮೇಲೇರುತ್ತವೆ, ನಡುವೆ ಅಷ್ಟಕೋನ ಉಳಿಯುತ್ತದೆ, ಅದರ ಮೇಲೆ ಗುಮ್ಮಟ. “ಡಂಬಳದಾಗ ಆರು ಚೌಕ ತಿರುಗಿಸ್ಯಾರ, ಇಲ್ಲಿ ಎರಡ ಸಾಕಾಗ್ಯಾವ್ರೀ” ಎಂದು ಯಾರಾದರೂ ಹೇಳಿಬಿಡುತ್ತಾರೆ. ಶಿವನ ಗುಡಿಗೂ ಸುಲ್ತಾನನ ಗೋರಿಗೂ ಒಂದೇ ಚೌಕ ಸಾಕಾಯಿತು ಎನ್ನುವುದನ್ನು ಅವರೇ ಕಂಡುಕೊಂಡ ಮೇಲೆ ಸೌಹಾರ್ದದ ಭಾಷಣ ಮಾಡುವ ಕೆಲಸ ನನಗೆ ಉಳಿಯುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸೊಗಸು. ತೊಡಕು ಇರುವುದು ಇದರ ಮುಂದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಗಾರೆ ಕೆಲಸದವರ ಮಗಳು, ಒಮ್ಮೆ ಎದ್ದು ನಿಂತು ಕೇಳಿದಳು: “ನಮ್ಮಪ್ಪ ಯಾವ ಪ್ರಮೇಯಾನೂ ಓದಿಲ್ರೀ ಟೀಚರ್. ಆದ್ರ ಮೂಲಿ ತಗದ್ರ ಕೂದಲೆಳಿ ತಪ್ಪಂಗಿಲ್ಲ. ಮತ್ತ ಈ ಸಾಧನೆ ಯಾಕ ಬರೀಬೇಕ್ರೀ?”

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಪರೀಕ್ಷೆಯಲ್ಲಿ ಕೇಳುತ್ತಾರೆ ಎನ್ನುವುದು ಒಂದು. ಅದು ಉತ್ತರವಲ್ಲ, ಬೆದರಿಕೆ. ಇನ್ನೊಂದು ಈಚೆಗೆ ಬಹಳ ಕೇಳಿಬರುವಂಥದ್ದು: “ನಿಮ್ಮಪ್ಪನೂ ಗಣಿತಜ್ಞನೇ ಕಣಮ್ಮ.” ಕಿವಿಗೆ ಇಂಪಾಗಿದೆ, ಆದರೆ ನನಗೆ ಇದು ಅಷ್ಟೇನೂ ಪ್ರಾಮಾಣಿಕವೆನಿಸುವುದಿಲ್ಲ. ಆ ಮನುಷ್ಯ ಕೇಳದೇ ಇದ್ದ ಪೇಟವನ್ನು ಅವರ ತಲೆಗೆ ಸುತ್ತಿ, ಮಗಳ ಪ್ರಶ್ನೆಯನ್ನು ಅದರ ಅಡಿಯಲ್ಲಿ ಮುಚ್ಚಿದಂತೆ. ಹಾಗೆಂದು ಅವರದು ಬರೀ ಕೈರೂಢಿ ಎಂದರೆ ಅದೂ ಸುಳ್ಳೇ. ಹೊಗಳಿಕೆಯೂ ತಾತ್ಸಾರವೂ ಸತ್ಯವನ್ನು ಮರೆಮಾಡುವುದರಲ್ಲಿ ಅಕ್ಕತಂಗಿಯರು.

ಹುಡುಗಿಯ ಪ್ರಶ್ನೆ ಹೊಸದಲ್ಲ. ಸಾವಿರ ವರ್ಷಕ್ಕೂ ಹಿಂದೆ ಬಾಗ್ದಾದಿನಲ್ಲಿ ಇದೇ ಜಗಳ ನಡೆದಿತ್ತು. ಅಬುಲ್ ವಫಾ (940–998) ಎಂಬ ಗಣಿತಜ್ಞ ಕುಶಲಕರ್ಮಿಗಳಿಗಾಗಿಯೇ ರೇಖಾಗಣಿತದ ಪುಸ್ತಕವೊಂದನ್ನು ಬರೆದ. ಗಣಿತಜ್ಞರೂ ಕಸುಬಿನವರೂ ಒಟ್ಟಿಗೆ ಕೂತ ಸಭೆಯೊಂದರ ವಿಚಾರ ಅದರಲ್ಲಿದೆ. ಸಮಾನ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ? ಹಾಸುಬಿಲ್ಲೆ ಕೂರಿಸುವವರಿಗೆ ದಿನನಿತ್ಯದ ಪ್ರಶ್ನೆ. ಕಸುಬಿನವರಲ್ಲಿ ಚಾಲ್ತಿಯಿದ್ದ ಒಂದು ವಿಧಾನದಲ್ಲಿ ದೊಡ್ಡ ಚೌಕದ ಬಾಹು ಎಂದರೆ ಸಣ್ಣ ಚೌಕದ ಒಂದು ಬಾಹು ಮತ್ತು ಅದರ ಕರ್ಣದ ಅರ್ಧ. ನೋಡಲು ಮೂಲೆಗಳು ನೇರ, ಬದಿಗಳು ಸಮ. ಆದರೆ ಅದು ತಪ್ಪು. ಸಣ್ಣ ಚೌಕ 10 ಸೆಂಟಿಮೀಟರಿನದಾದರೆ ಅವರ ಲೆಕ್ಕಕ್ಕೆ ಬಾಹು 17.07, ನಿಜವಾಗಿ ಇರಬೇಕಾದ್ದು 17.32. ವ್ಯತ್ಯಾಸ ಎರಡೂವರೆ ಮಿಲಿಮೀಟರ್. ಒಂದು ಎಳೆ ಸುಣ್ಣದ ಗಾರೆ ನುಂಗಿಹಾಕುವಷ್ಟು.

ನುಂಗಿದರೆ ಏನಾಯಿತು? ನೆಲ ಚೆಂದವಾಗಿದೆ, ಯಜಮಾನನಿಗೆ ಸಂತೋಷವಾಗಿದೆ, ಕೂಲಿ ಸಂದಿದೆ. ಯಾರಿಗೂ ಗೊತ್ತಾಗದ ತಪ್ಪು ತಪ್ಪೇ? ನಾನು ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾರೆ. ಅಬುಲ್ ವಫಾ ಕೂಡ ತಳ್ಳಿಹಾಕಲಿಲ್ಲ. ಅವನು ಕಸುಬಿನವರನ್ನು ಗೇಲಿ ಮಾಡಿ ಎದ್ದುಹೋಗಲಿಲ್ಲ. ಗಣಿತಜ್ಞರಿಗೆ ಕೈಕೆಲಸದ ಅಭ್ಯಾಸವಿಲ್ಲವೆಂದೂ ಬರೆದ. ಆಮೇಲೆ ಸರಿಯಾಗಿಯೂ ಇರುವ, ಕತ್ತರಿಸಲೂ ಬರುವ ವಿಧಾನವೊಂದನ್ನು ಕೊಟ್ಟ. ಎರಡು ಚೌಕಗಳನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ನಾಲ್ಕು ತ್ರಿಕೋನ. ಅವುಗಳ ಉದ್ದನೆಯ ಬದಿಯನ್ನು ಮೂರನೆಯ ಚೌಕದ ನಾಲ್ಕು ಬಾಹುಗಳಿಗೆ, ಒಂದೊಂದು ಮೂಲೆಯಿಂದ ಹಿಡಿದು, ಗಿರಗಿಟ್ಲೆಯ ಎಲೆಗಳ ಹಾಗೆ ಒಂದೇ ಸುತ್ತಿಗೆ ಜೋಡಿಸಬೇಕು. ತ್ರಿಕೋನಗಳ ಲಂಬಕೋನದ ತುದಿಗಳನ್ನು ಗೆರೆ ಎಳೆದು ಕೂಡಿಸಿದರೆ ದೊಡ್ಡ ಚೌಕ. ಗೆರೆಯ ಹೊರಗೆ ಚಾಚಿದ ನಾಲ್ಕು ಚೂರುಗಳು ಒಳಗಿನ ನಾಲ್ಕು ಸಂದುಗಳಿಗೆ ಸರಿಯಾಗಿ ಕೂಡುತ್ತವೆ. ಮೊದಲ ಸಲ ಅದು ಕೂಡಿದಾಗ ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯ ಸಮಾಜದ ಮೇಷ್ಟ್ರು ಇಣುಕಿದ್ದರು.

ಆ ಹುಡುಗಿಗೆ ನಾನು ಹೇಳಿದ್ದು, ಮೂಲೆ ಸರಿಯಾಯಿತೆಂದು ಹೇಗೆ ಗೊತ್ತು ಅಂತ ನಿಮ್ಮಪ್ಪನನ್ನೇ ಕೇಳಿಕೊಂಡು ಬಾ ಎಂದು. ಮರುದಿನ ಬಂದಳು. ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು, ಅಡ್ಡ ದಾರ ಐದು. ದೊಡ್ಡ ಮನೆಯಾದರೆ ಆರು, ಎಂಟು, ಹತ್ತು. ಉದ್ದ ಹಿಡಿದಷ್ಟೂ ತಪ್ಪು ಕಡಿಮೆ. ಅವರ ಗುರು ಕಲಿಸಿದ್ದಂತೆ. ಎರಡು, ಮೂರು, ನಾಲ್ಕು ಯಾಕಾಗಬಾರದು ಎಂದು ಇವಳು ಕೇಳಿದ್ದಾಳೆ. “ಅದನ್ನ ನನಗ ಹೇಳಿಲ್ಲವ್ವ” ಎಂದರಂತೆ. ಅಂಗಳದಲ್ಲಿ ತಾನೇ ದಾರ ಹಿಡಿದು ನೋಡಿದಳಂತೆ, ಮೂಲೆ ಬಾಯಿಬಿಟ್ಟಿತು.

ಬೌಧಾಯನರ ಶುಲ್ಬಸೂತ್ರದಲ್ಲಿಯೂ ಯಜ್ಞವೇದಿ ಅಳೆಯುವ ಹಗ್ಗವೇ ಇದೆ. ಶುಲ್ಬ ಎಂದರೇ ಹಗ್ಗ. ಕರ್ಣದ ನಿಯಮವನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ, ಸಾಧನೆ ಕೊಟ್ಟಿಲ್ಲ. ನಮ್ಮವರೇ ಮೊದಲು ಎಂದು ಎದೆಯುಬ್ಬಿಸುವವರಿಗೆ ಎರಡನೆಯ ಮಾತು ರುಚಿಸದು, ಎಲ್ಲ ಗ್ರೀಸಿನಿಂದಲೇ ಬಂತು ಎನ್ನುವವರಿಗೆ ಮೊದಲನೆಯದು ರುಚಿಸದು. ನಾನು ಎರಡನ್ನೂ ಹೇಳುತ್ತೇನೆ. ಮಕ್ಕಳಿಗೆ ಇದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ.

ಈಗ ಪ್ರತಿ ವರ್ಷ ತರಗತಿಯ ಅರ್ಧ ಮಕ್ಕಳಿಗೆ 17.07ರ ಚೌಕ, ಉಳಿದರ್ಧಕ್ಕೆ ಅಬುಲ್ ವಫಾನ ಚೌಕ ಮಾಡಲು ಕೊಡುತ್ತೇನೆ. ಯಾವುದು ತಪ್ಪೆಂದು ಹೇಳುವುದಿಲ್ಲ. ಆಮೇಲೆ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅಂಚಿನಲ್ಲಿ ತೆಳ್ಳನೆಯ ಪಟ್ಟಿಯೊಂದು ಉಳಿಯುತ್ತದೆ. ಕೆಲವರು ಅದನ್ನು ನೋಡಿ ಸುಮ್ಮನಾಗುತ್ತಾರೆ, ಕೆಲವರು ಮತ್ತೆ ಅಳೆಯುತ್ತಾರೆ. ಹಿಂದಿನ ಬೆಂಚಿನ ಒಬ್ಬ ಮಾತ್ರ, “ಇಷ್ಟಕ್ಕ ಯಾಕ್ರೀ, ಸ್ವಲ್ಪ ಉಜ್ಜಿದ್ರಾತು” ಎಂದ. ಹಾಗಾದರೆ ಉಜ್ಜಿ ತೋರಿಸು ಎಂದು ಚಿಕ್ಕ ಚೌಕವನ್ನೇ ಅವನ ಕೈಗೆ ಕೊಟ್ಟೆ.