ಪರದೇಶವಾಸವೂ ಶರಣಧರ್ಮವೂ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ಮೊದಲನೆಯದು. ದಿಕ್ಕಿಲ್ಲದವನು ಎಂಬುದು ಎರಡನೆಯದು. ದೇಶ ಬಿಟ್ಟವನಿಗೆ ದಿಕ್ಕೂ ತಪ್ಪುವುದೆಂಬ ಲೋಕಾನುಭವವು ಈ ಒಂದೇ ಶಬ್ದದಲ್ಲಿ ಅಡಗಿದೆ. ಹಿಂದಿನ ಕಾಲದಲ್ಲಿ ಈ ಮಾತು ವ್ಯಾಪಾರಿಗೂ ಯಾತ್ರಿಕನಿಗೂ ಸಲ್ಲುತ್ತಿತ್ತು. ಇಂದಾದರೋ, ವೃತ್ತಿಯಿಂದ ನಿವೃತ್ತರಾಗಿ ಮಕ್ಕಳಿರುವ ದೇಶಕ್ಕೆ ತೆರಳುವ ವೃದ್ಧ ತಂದೆತಾಯಿಗಳಿಗೆ ಅದು ಸಲ್ಲತೊಡಗಿದೆ. ಆದಕಾರಣ ಅವರ ಸ್ಥಿತಿಯನ್ನು ಶರಣರ ಬೋಧನೆಯ ಬೆಳಕಿನಲ್ಲಿ ವಿಚಾರಿಸುವುದು ಯುಕ್ತವು.

ಬೆಂಗಳೂರಿನ ದಕ್ಷಿಣ ಭಾಗದ ಇಟ್ಟಮಡು ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಈಗ ಅದು ಬನಶಂಕರಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳೊಡನೆ ಬೆರೆತು ನಗರವೇ ಆಗಿದೆ. ಮಕ್ಕಳನ್ನು ಓದಿಸಿ ಹೊರದೇಶಕ್ಕೆ ಕಳುಹಿಸಿದ ಮನೆಗಳು ಅಲ್ಲಿ ಒಂದೆರಡಲ್ಲ. ಅಂಥ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಪತಿ ನಿವೃತ್ತ ಉಪಾಧ್ಯಾಯರು, ಪತ್ನಿ ಗೃಹಿಣಿ, ಒಬ್ಬನೇ ಮಗನು ಅಮೆರಿಕೆಯಲ್ಲಿ ಎಂಜಿನಿಯರು. ಅವನು ತಂದೆತಾಯಿಗಳಿಗೆ ಅಲ್ಲಿನ ಕಾಯಂ ವಾಸದ ಗ್ರೀನ್ ಕಾರ್ಡನ್ನು ದೊರಕಿಸಿಕೊಟ್ಟಿದ್ದಾನೆ. ಮೂರು ವರ್ಷ ಅಲ್ಲಿದ್ದು, ಮನೆಯ ರಿಪೇರಿಯ ನೆಪದಿಂದ ದಂಪತಿಗಳು ಇಟ್ಟಮಡುವಿಗೆ ಬಂದಿದ್ದಾರೆ. ಬಂದು ಹತ್ತು ತಿಂಗಳಾಗಿದೆ. ಮರುಪ್ರವೇಶದ ಅನುಮತಿಯನ್ನು ಮೊದಲೇ ಪಡೆಯದೆ ಒಂದು ವರ್ಷಕ್ಕೆ ಮೀರಿ ಹೊರಗಿದ್ದವರಿಗೆ ಆ ಕಾರ್ಡೊಂದರಿಂದಲೇ ಮರಳಿ ಪ್ರವೇಶ ದೊರೆಯದು. ಹೋಗಬೇಕೆಂದು ಪತ್ನಿ, ಇರಬೇಕೆಂದು ಪತಿ. ನಲವತ್ತು ವರ್ಷ ಒಂದೇ ಮಾತಿನಲ್ಲಿ ಬಾಳಿದ ಮನೆಯಲ್ಲಿ ಈಗ ಎರಡು ಮಾತುಗಳು ಹುಟ್ಟಿವೆ.

ಆ ದೇಶದಲ್ಲಿ ಸುಖವಿರಲಿಲ್ಲವೆಂದು ಪತಿಯೂ ಹೇಳಲಾರರು. ಬೆಳಗಿನ ಲಿಂಗಪೂಜೆಗೆ ಅಡ್ಡಿ ಮಾಡುವ ಗದ್ದಲವಿಲ್ಲ. ಗ್ರಂಥಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ. ಮದುವೆ, ನಾಮಕರಣ, ನೆಂಟರ ಮುನಿಸು ಎಂಬ ಬಂಧನಗಳಿಲ್ಲ. ಯಾರೂ ಅರಿಯದ ಊರಿನಲ್ಲಿ ಯಾರಿಗೂ ಅಂಜಬೇಕಾಗಿಲ್ಲ. ಆದರೆ ಈ ಸ್ವಾತಂತ್ರ್ಯದ ಬೆನ್ನಿಗೇ ಪರಾಧೀನತೆಯೂ ಇದೆ. ಕಾರು ನಡೆಸಲು ಬಾರದವನಿಗೆ ಅಂಗಡಿಗೆ ಹೋಗುವುದಕ್ಕೂ ಮಗನ ಬಿಡುವನ್ನು ಕಾಯಬೇಕು. ಮೊಮ್ಮಗಳು ಇಂಗ್ಲಿಷಿನಲ್ಲಿ ನುಡಿದರೆ ಅಜ್ಜನಿಗೆ ಅರ್ಧ ತಿಳಿಯದು. ಅಜ್ಜನ ಕನ್ನಡ ಅವಳಿಗೆ ಅರ್ಧ ತಿಳಿಯದು. ಅಲ್ಲಿ ದುಡಿದ ದಾಖಲೆಯಿಲ್ಲದ ವೃದ್ಧರು, 65 ವರ್ಷ ತುಂಬಿದ್ದರೂ, ಕಾಯಂ ನಿವಾಸಿಗಳಾಗಿ 5 ವರ್ಷ ಸತತವಾಗಿ ವಾಸಿಸಿದ ಬಳಿಕವೇ ಸರಕಾರದ ಮೆಡಿಕೇರ್ ವಿಮೆಗೆ ಹಣ ತೆತ್ತು ಸೇರಬಹುದು. ಅಲ್ಲಿಯವರೆಗೆ ಒಂದು ಎದೆನೋವು ಬಂದರೂ, ನೋವಿಗಿಂತ ಮೊದಲು ಮಗನ ಖರ್ಚಿನ ಚಿಂತೆ ಬರುವುದು. ಇತ್ತ ಪಿಂಚಣಿ ನಿಲ್ಲದಿರಲು ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಸಲ್ಲಿಸಬೇಕು. 2014ರಿಂದ ಅದನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ಏರ್ಪಾಡಾಗಿದೆ. ಜೀವಂತನೆಂಬುದು ಕಾಗದದಲ್ಲಿ ಸಿದ್ಧವಾಗುವುದು ಸುಲಭ. ಮನಸ್ಸಿನಲ್ಲಿ ಸಿದ್ಧವಾಗುವುದೇ ಕಷ್ಟ.

ಪತಿಯು ತನ್ನ ಪಕ್ಷಕ್ಕೆ ಧರ್ಮವನ್ನು ಆಧಾರವಾಗಿ ತರುತ್ತಾರೆ: ಅಲ್ಲಿ ಮಠವಿಲ್ಲ, ಜಂಗಮರಿಲ್ಲ, ಕಡೆಗೆ ಸಮಾಧಿಗೆ ತನ್ನ ನೆಲದ ಮಣ್ಣೂ ಇಲ್ಲ ಎಂದು. ಈ ಮಾತನ್ನು ಪರೀಕ್ಷಿಸಬೇಕು. ಸ್ಥಾವರವನ್ನು ನಂಬಿದವನಿಗೆ ಊರು ಬಿಟ್ಟರೆ ದೇವರು ದೂರವಾದಾನು. ಆದರೆ ಶ್ರೀಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸಿದ್ದು ಏತಕ್ಕೆ? ಎದೆಯ ಮೇಲಿರುವ ಲಿಂಗಕ್ಕೆ ಸ್ವದೇಶವೆಂದೂ ಪರದೇಶವೆಂದೂ ಭೇದವುಂಟೆ? ಮಣ್ಣೆಂಬುದೂ ಎಲ್ಲೆಡೆಯೂ ಪಂಚಭೂತಗಳಲ್ಲಿ ಒಂದೇ ಅಲ್ಲವೆ? ಆದ್ದರಿಂದ ಪತಿಯ ಸಂಕಟವು ಲಿಂಗದ ಅಗಲಿಕೆಯಿಂದ ಬಂದದ್ದಲ್ಲ. ಇಟ್ಟಮಡುವಿನ ಬೀದಿಯಲ್ಲಿ ‘ಮೇಷ್ಟ್ರೇ, ಶರಣು’ ಎನ್ನುವವರಿದ್ದಾರೆ, ಅಲ್ಲಿ ಇಲ್ಲ. ಕಳೆದುಹೋದುದು ಆ ಮನ್ನಣೆ. ಅದನ್ನು ಬಯಸುವುದು ಮನುಷ್ಯಸಹಜವೇ. ಆದರೆ ಅದಕ್ಕೆ ಶಿವನ ಹೆಸರನ್ನಿಡುವುದು ಸಲ್ಲದು.

ಮನ್ನಣೆಯನ್ನು ತೊರೆದು ಪರದೇಶಕ್ಕೆ ಬಂದ ಶರಣರಲ್ಲಿ ಮೋಳಿಗೆಯ ಮಾರಯ್ಯನವರು ಅಗ್ರಗಣ್ಯರು. ಸಂಪ್ರದಾಯವು ಅವರನ್ನು ಕಾಶ್ಮೀರದ ಅರಸರೆಂದು ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜ್ಯವನ್ನು ತ್ಯಜಿಸಿ ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದ ಅವರು ಕಟ್ಟಿಗೆಯ ಹೊರೆ ಹೊತ್ತು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದರು. ಬಸವಣ್ಣನವರು ಅವರ ಮನೆಯಲ್ಲಿ ಅಂಬಲಿಯ ಪ್ರಸಾದ ಸ್ವೀಕರಿಸಿ, ಅವರರಿಯದಂತೆ ಹೊನ್ನನ್ನು ಇಟ್ಟುಹೋದರೆಂದೂ, ದಂಪತಿಗಳು ಅದನ್ನು ತಮ್ಮದೆಂದು ಬಗೆಯದೆ ಜಂಗಮಕ್ಕೆ ಒಪ್ಪಿಸಿದರೆಂದೂ ಕಥೆ. ಪರನಾಡಿನಲ್ಲಿ ಆತಿಥೇಯನ ಕರುಣೆಯಿಂದ ಬದುಕಲು ಅವರಿಗೆ ಸಾಧ್ಯವಿತ್ತು. ಅವರು ಬದುಕಿದ್ದು ಕಾಯಕದಿಂದ. ಅದರಿಂದಲೇ ಕಲ್ಯಾಣದಲ್ಲಿ ಅವರು ಪರದೇಶಿಗಳಾಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ವಲಸೆ ಹೋದ ವೃದ್ಧ ತಾಯಂದಿರು ಅಲ್ಲಿ ಸುಮ್ಮನೆ ಕುಳಿತಿರುವುದಿಲ್ಲ. ಅಡಿಗೆ, ಮಗುವಿನ ಆರೈಕೆ, ಮನೆಯ ಓರಣ ಎಲ್ಲವೂ ಅವರ ಕೈಯಲ್ಲೇ. ಒಲಿದು ಮಾಡಿದರೆ ಅದು ಕಾಯಕ. ಬೇರೆ ಗತಿಯಿಲ್ಲದೆ ಮಾಡಿದರೆ ಬಿಟ್ಟಿ. ಎರಡೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವುವು. ತಾಯಿಯನ್ನು ಕರೆಸಿಕೊಳ್ಳುವ ಮಗನು, ತಾಯಿಯನ್ನು ಕರೆಸಿದೆನೋ ದಾದಿಯನ್ನು ಕರೆಸಿದೆನೋ ಎಂದು ತನ್ನ ಅಂತರಂಗವನ್ನು ಕೇಳಿಕೊಳ್ಳಬೇಕು. ತಾಯಿಯೂ, ತನ್ನನ್ನು ಎಳೆಯುತ್ತಿರುವುದು ವಾತ್ಸಲ್ಯವೋ, ತಾನಿಲ್ಲದೆ ಆ ಮನೆ ನಡೆಯಲಾರದೆಂಬ ಹಮ್ಮೋ ಎಂದು ಶೋಧಿಸಿಕೊಳ್ಳಬೇಕು.

ಶೂನ್ಯಸಂಪಾದನೆಯಲ್ಲಿ ಇನ್ನೊಂದು ಪ್ರಸಂಗವಿದೆ. ಮಾರಯ್ಯನವರು ಈ ಲೋಕವನ್ನು ಬಿಟ್ಟು ಶಿವನಲ್ಲಿ ಐಕ್ಯವಾಗಲು ಆತುರಪಟ್ಟಾಗ, ತಿದ್ದಿದವರು ಪತ್ನಿ ಮಹಾದೇವಿಯವರು. ಇಲ್ಲಿಲ್ಲದ ಶಿವನು ಇನ್ನೆಲ್ಲಿಯೋ ಇದ್ದಾನೆಂಬ ಭಾವವೇ ಭಿನ್ನಭಾವವೆಂಬುದು ಆಕೆಯ ಬೋಧೆಯ ತಾತ್ಪರ್ಯ. ಪತಿಯು ಆ ಮಾತಿಗೆ ತಲೆವಾಗಿದರು. ಇಟ್ಟಮಡುವಿನಲ್ಲಿ ಕುಳಿತು ಅಮೆರಿಕೆಯನ್ನು, ಅಮೆರಿಕೆಯಲ್ಲಿ ಕುಳಿತು ಇಟ್ಟಮಡುವನ್ನು ನೆನೆದು ಕೊರಗುವವರಿಗೆ ಇದಕ್ಕಿಂತ ಹಿತವಾದ ಉಪದೇಶವಿಲ್ಲ. ಸತಿಪತಿಗಳು ಒಬ್ಬರ ಮಾತನ್ನು ಒಬ್ಬರು ಆಲಿಸಿದ ಬಗೆಯೂ ಅಲ್ಲಿ ಗಮನಾರ್ಹವು.

ಹಾಗಾದರೆ ಹೋಗಬೇಕೊ, ಇರಬೇಕೊ? ಶರಣಧರ್ಮವು ದೇಶವನ್ನು ವಿಧಿಸುವುದಿಲ್ಲ. ಕಾಯಕವನ್ನೂ ದಾಸೋಹವನ್ನೂ ವಿಧಿಸುತ್ತದೆ. ಹೋಗುವುದಾದರೆ ಉಪಾಧ್ಯಾಯರು ಅಲ್ಲಿ ಹೊರೆ ಹೊರಬೇಕು. ಅಮೆರಿಕೆಯ ಅನೇಕ ನಗರಗಳಲ್ಲಿ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿವೆ. ನಲವತ್ತು ವರ್ಷ ಪಾಠ ಹೇಳಿದವರಿಗೆ ಅದಕ್ಕಿಂತ ಒಗ್ಗುವ ಕಟ್ಟಿಗೆಯ ಹೊರೆ ಯಾವುದು? ಮೊಮ್ಮಗಳಿಂದಲೇ ಪಾಠ ಮೊದಲಾಗಲಿ. ಇಟ್ಟಮಡುವಿನಲ್ಲೇ ಉಳಿಯುವುದಾದರೆ, ಬಾಗಿಲು ಮುಚ್ಚಿ ಫೋನಿನ ಗಂಟೆಗಾಗಿ ಕಾಯುವುದು ವಾಸವಾಗದು. ಪಕ್ಕದ ಮನೆಯ ಬಡವಿದ್ಯಾರ್ಥಿಗೆ ಒಂದು ತುತ್ತೂ ಒಂದು ಪಾಠವೂ ಆ ಮನೆಯಲ್ಲಿ ದೊರೆಯಬೇಕು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಒಂದು ನಷ್ಟವುಂಟು: ಒಂದರಲ್ಲಿ ಊರು, ಇನ್ನೊಂದರಲ್ಲಿ ಮೊಮ್ಮಗಳ ಬಾಲ್ಯ. ಆ ನಷ್ಟವನ್ನು ಅರಿತು, ಇಬ್ಬರೂ ಕೂಡಿ ಒಪ್ಪಿ, ಮಗನ ಮೇಲೆ ದೂರು ಹೊರಿಸದೆ ನಿರ್ಧರಿಸತಕ್ಕದ್ದು. ಕಾರ್ಡಿನ ಗಡುವಿಗೆ ಇನ್ನು ಎರಡು ತಿಂಗಳಿವೆ. ಅಂಜಿಕೆಯಿಂದ ಓಡುವುದಕ್ಕೆ ಅದು ಸಾಲದು. ಕುಳಿತು ಮಾತನಾಡುವುದಕ್ಕೆ ಬೇಕಾದಷ್ಟಾಯಿತು.